ಕತ್ತಲ ಕೋಣೆಯ ಸೇಬು

ಹುಟ್ಟಿದಾಗ ಇಟ್ಟ ಹೆಸರು ಶಾಲೆಯಲ್ಲಿ ಹಾಜರಿ ಕೂಗುವಾಗ ಮಾತ್ರ ಕೇಳಿಬರುತ್ತಿತ್ತು. ಉಳಿದ ಹೊತ್ತೆಲ್ಲ ಅವಳು ತಕರಾರು. ಮನೆಯಲ್ಲಿ ತಕರಾರು, ಬೀದಿಯಲ್ಲಿ ತಕರಾರು, ಏಳನೇ ಕ್ಲಾಸಿನ ಮೂರನೇ ಬೆಂಚಿನಲ್ಲೂ ತಕರಾರು. ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರನ್ನು ನಾವೆಲ್ಲ ನೋಡಿದ್ದೇವೆ. ಇವಳದ್ದು ಅದಕ್ಕಿಂತ ಒಂದು ಕೈ ಮೇಲು. ಮೊಲ ಇನ್ನೂ ಪೊದೆಯೊಳಗಿರುವಾಗಲೇ ಅದರ ಕಾಲಿನ ಲೆಕ್ಕ ಇವಳಲ್ಲಿ ಸಿದ್ಧವಾಗಿರುತ್ತಿತ್ತು. ಒಂದನ್ನು ಮಾತ್ರ ಒಪ್ಪಿಕೊಳ್ಳಬೇಕು. ಸೋತರೆ ಸೋತೆ ಎನ್ನುತ್ತಿದ್ದಳು. ಮುಖ ಊದಿಸಿಕೊಂಡೇ ಹೇಳುತ್ತಿದ್ದಳು, ಆದರೂ ಹೇಳುತ್ತಿದ್ದಳು.

ಆ ಗುಣ ಬಂದದ್ದು ಅಮ್ಮನಿಂದ. ಅಪ್ಪ ದೂರದೂರಿಗೆ ಲಾರಿ ಓಡಿಸುವವನು, ಮನೆಗೆ ಬಂದರೆ ನೆಂಟ. ಅಮ್ಮ ದೊಡ್ಡ ಬೀದಿಯ ಫೋಟೋ ಸ್ಟುಡಿಯೋದಲ್ಲಿ ರೀಲು ತೊಳೆಯುತ್ತಿದ್ದಳು. ಫೋನಿಗೆ ಇನ್ನೂ ಕಣ್ಣು ಬಂದಿರದ ಕಾಲ ಅದು. ಫೋಟೋ ತೆಗೆಸಿಕೊಂಡವರು ರೀಲು ಮುಗಿದು, ತೊಳೆದು, ಕಾಗದಕ್ಕೆ ಬರುವ ತನಕ ಬಾಯಿ ಮುಚ್ಚಿಕೊಂಡು ಕಾಯಬೇಕಿತ್ತು. "ನನ್ನ ಮೂಗು ಯಾಕೆ ಇಷ್ಟು ದಪ್ಪ ಬಂದಿದೆ?" ಎಂದು ಗಿರಾಕಿಗಳು ಕೇಳಿದರೆ ಸ್ಟುಡಿಯೋ ಯಜಮಾನ ದೀಪದ ಮೇಲೋ ಕ್ಯಾಮೆರಾದ ಮೇಲೋ ತಪ್ಪು ಹೊರಿಸಿ ಸಮಾಧಾನ ಮಾಡುವನು. ಅಮ್ಮನನ್ನು ಕೇಳಿದರೆ, "ಇದ್ದಿದ್ದು ಬಂದಿದೆ" ಎಂದು ಕಡ್ಡಿ ಮುರಿದ ಹಾಗೆ ಹೇಳಿಬಿಡುವಳು. ಅದಕ್ಕೇ ಅವಳನ್ನು ಕೌಂಟರಿನ ಕಡೆ ಬರಗೊಡದೆ ಡಾರ್ಕ್‌ರೂಮಿನೊಳಗೆ ಹಾಕಿದ್ದಾನೆ ಎಂದು ಪಕ್ಕದಂಗಡಿಯವರು ನಗುತ್ತಿದ್ದರು.

ಆ ವರ್ಷ ಶಾಲೆಗೆ ಹೊಸದಾಗಿ ಬಂದ ವಿಜ್ಞಾನದ ಟೀಚರಿಗೆ ಒಂದು ವಿಚಿತ್ರ ಅಭ್ಯಾಸವಿತ್ತು. ಪಾಠ ಶುರು ಮಾಡುವ ಮೊದಲು ಒಂದು ಪ್ರಶ್ನೆ ಹಾಕುವರು. ಮಕ್ಕಳಿಂದ ಕೈ ಎತ್ತಿಸಿ, ಯಾವ ಉತ್ತರಕ್ಕೆ ಎಷ್ಟು ಮಂದಿ ಎಂದು ಬೋರ್ಡಿನ ಮೇಲೆ ಬರೆಯುವರು. ಸರಿ ಯಾವುದು ಎಂದು ಮಾತ್ರ ಜಪ್ಪಯ್ಯ ಅಂದರೂ ಬಾಯಿ ಬಿಡರು. "ನೋಡೋಣ" ಎನ್ನುವುದೊಂದೇ ಅವರ ಮಾತು. ಉತ್ತರ ತಪ್ಪಾದವರಿಗೆ ಬೈಗುಳವಿಲ್ಲ, ಸರಿಯಾದವರಿಗೆ ಶಾಭಾಸ್‌ಗಿರಿಯೂ ಇಲ್ಲ. ಮಕ್ಕಳಿಗೆ ಇದು ಮೊದಮೊದಲು ಉಪ್ಪಿಲ್ಲದ ಊಟದಂತೆ ಸಪ್ಪೆ ಎನಿಸಿತ್ತು.

ಒಂದು ದಿನ ಟೀಚರು ಎರಡು ಮಂಜುಗಡ್ಡೆ ತಂದರು. ಒಂದನ್ನು ತಟ್ಟೆಯಲ್ಲಿ ಹಾಗೇ ಇಟ್ಟರು, ಇನ್ನೊಂದನ್ನು ದಪ್ಪ ಕಂಬಳಿಯಲ್ಲಿ ಸುತ್ತಿದರು. ಯಾವುದು ಮೊದಲು ಕರಗುತ್ತದೆ ಎಂದು ಕೇಳಿದರೆ ಇಡೀ ಕ್ಲಾಸು ಒಂದೇ ದನಿಯಲ್ಲಿ ಕಂಬಳಿಯದ್ದು ಎಂದಿತು. "ಕಂಬಳಿ ಹೊದ್ದರೆ ನಮಗೇ ಸೆಖೆ ಆಗುತ್ತೆ, ಪಾಪ ಮಂಜುಗಡ್ಡೆಗೆ ಆಗಲ್ವಾ ಮಿಸ್?" ಎಂದು ತಕರಾರು ಎದ್ದು ನಿಂತು ವಾದಿಸಿದಳು. ಪಾಠ ಮುಗಿಯುವಷ್ಟರಲ್ಲಿ ತಟ್ಟೆಯದ್ದು ನೀರಾಗಿತ್ತು. ಕಂಬಳಿಯೊಳಗಿನದು ಕಲ್ಲಿನ ಹಾಗೆ ಕೂತಿತ್ತು. ಕಂಬಳಿಗೆ ಸ್ವಂತದ ಬಿಸಿ ಅಂತ ಏನೂ ಇಲ್ಲ, ಒಳಗಿನ ಬಿಸಿಯನ್ನು ಹೊರಗೆ, ಹೊರಗಿನದನ್ನು ಒಳಗೆ ಅದು ಸುಲಭವಾಗಿ ಬಿಡುವುದಿಲ್ಲ, ಅಷ್ಟೆ ಎಂದರು ಟೀಚರು. ತಕರಾರು ಮನೆಗೆ ಹೋಗಿ ತನ್ನ ಕಂಬಳಿಯನ್ನು, ಇಷ್ಟು ವರ್ಷ ಜೊತೆಗಿದ್ದು ಹೀಗೆ ಮೋಸ ಮಾಡಿದೆಯಲ್ಲ ಎಂಬಂತೆ ನೋಡಿದಳು.

ಅದಾದ ಮೇಲೆ ಬಂದದ್ದು ಸೇಬಿನ ಪ್ರಶ್ನೆ.

"ಒಂದು ಕೋಣೆ. ಚೂರೂ ಬೆಳಕಿಲ್ಲ. ಮೇಜಿನ ಮೇಲೆ ಒಂದು ಸೇಬು. ನೀವು ಒಳಗೆ ಹೋಗಿ ಎಷ್ಟು ಹೊತ್ತು ಬೇಕಾದರೂ ಕೂತಿರಬಹುದು. ಸೇಬು ಕಾಣುತ್ತಾ?"

ಮೊದಲು ಕಾಣಲ್ಲ, ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ಮಸುಕಾಗಿ ಕಾಣುತ್ತೆ ಎಂದು ಹೆಚ್ಚುಕಡಿಮೆ ಎಲ್ಲರೂ ಕೈ ಎತ್ತಿದರು. ಎಷ್ಟು ಹೊತ್ತು ಕೂತರೂ ಕಾಣಲ್ಲ ಎಂದವಳು ಕ್ಲಾಸಿನ ಮಾನಿಟರು ಒಬ್ಬಳೇ. ಅವಳು ಮುಂದಿನ ಪಾಠವನ್ನು ಹಿಂದಿನ ದಿನವೇ ಓದಿಕೊಂಡು ಬರುವ ಹುಡುಗಿ. "ಬೆಳಕು ವಸ್ತುವಿನ ಮೇಲೆ ಬಿದ್ದು ನಮ್ಮ ಕಣ್ಣಿಗೆ ಬಂದರೆ ಮಾತ್ರ ಕಾಣೋದು" ಎಂದು ಪುಸ್ತಕದಲ್ಲಿದ್ದದ್ದನ್ನು ಇದ್ದ ಹಾಗೇ ಒಪ್ಪಿಸಿದಳು.

"ನೋಡೋಣ" ಎಂದರು ಟೀಚರು. ಆಟದ ಸಾಮಾನಿನ ಕೋಣೆಯ ಕಿಟಕಿಗೆ ರಟ್ಟು ಬಡಿದು, ಬಾಗಿಲು ಹಾಕಿ, ಐದೈದು ಮಂದಿಯನ್ನು ಒಳಗೆ ಕೂರಿಸಿದರು. ಸ್ವಲ್ಪ ಹೊತ್ತಿಗೆ ಸೇಬು ಎಲ್ಲರಿಗೂ ಕಂಡಿತು. ಕಾಣದೆ ಏನು, ಬಾಗಿಲಿನ ಕೆಳಗೆ ದಾರದಷ್ಟು ಬೆಳಕು ಒಳಗೆ ಬರುತ್ತಿತ್ತು. ಚಾಪೆ ಅಡ್ಡ ಇಟ್ಟರೆ ಹೆಂಚಿನ ಸಂದಿಯಿಂದ ಬಂತು. ಅದಕ್ಕೆ ಬಟ್ಟೆ ತುರುಕಿದರೆ ಬೀಗದ ತೂತಿನಿಂದ ಬಂತು. ನಿಜವಾದ ಕತ್ತಲು ಇಷ್ಟು ದುಬಾರಿ ಎಂದು ಅಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ.

"ಪೂರ್ತಿ ಕತ್ತಲು ನಮ್ಮಮ್ಮನ ಹತ್ತಿರ ಇದೆ ಮಿಸ್" ಎಂದಳು ತಕರಾರು. "ಫಿಲ್ಮಿಗೆ ಚೂರು ಬೆಳಕು ತಾಗಿದರೂ ಹಾಳಾಗಿಹೋಗುತ್ತೆ. ಕೆಂಪು ದೀಪಾನೂ ಹಾಕಂಗಿಲ್ಲ. ಆ ಕತ್ತಲಲ್ಲೇ ನಮ್ಮಮ್ಮ ರೀಲು ಬಿಚ್ಚಿ, ತುದಿ ಕತ್ತರಿಸಿ, ಸುರುಳಿಗೆ ಸುತ್ತಿ, ಡಬ್ಬಿಗೆ ಹಾಕೋದು. ಅವಳಿಗೆ ಕಾಣುತ್ತೆ."

"ಕಾಣಲ್ಲ, ಕೈಯಿಂದ ಮುಟ್ಟಿ ಮಾಡ್ತಾರೆ" ಎಂದಳು ಮಾನಿಟರು.

"ಕಾಣುತ್ತೆ. ಅಮ್ಮನೇ ಹೇಳಿದಾಳೆ."

"ನಿಮ್ಮಮ್ಮ ಏನು ಗೂಬೆನಾ?"

ಕ್ಲಾಸು ಹೊಟ್ಟೆ ಹಿಡಿದುಕೊಂಡು ನಕ್ಕಿತು. ತಕರಾರಿನ ಪಿತ್ತ ನೆತ್ತಿಗೇರಿತು. ತನ್ನನ್ನು ಏನಂದರೂ ಸಹಿಸಿಯಾಳು, ಆದರೆ ಅಮ್ಮನ ಮಾತು ಸುಳ್ಳು ಎನ್ನುವುದೆಂದರೆ? ಊರಿಗೆಲ್ಲ ಮೂಗಿನಳತೆ ಮುಖಕ್ಕೆ ಹೇಳಿ ನಿಷ್ಠುರ ಕಟ್ಟಿಕೊಂಡ ಅಮ್ಮ ಮಗಳಿಗೆ ಸುಳ್ಳು ಹೇಳುತ್ತಾಳೆಯೇ? ಪಂತವಾಯಿತು. ಅಮ್ಮನಿಗೆ ಕಂಡರೆ ಮಾನಿಟರು ಎದ್ದು ಕ್ಷಮೆ ಕೇಳಬೇಕು. ಕಾಣದಿದ್ದರೆ ತಕರಾರು ಕ್ಲಾಸಿನ ಮುಂದೆ ನಿಂತು "ನಮ್ಮಮ್ಮ ಹೇಳಿದ್ದು ಸುಳ್ಳು" ಎನ್ನಬೇಕು. ಟೀಚರು ಪಂತ ಬೇಡವೆಂದರು. ಆದರೆ ಮಾತು ಬಾಯಿಂದ ಜಾರಿಹೋಗಿತ್ತು.

ಸಂಜೆ ಅಮ್ಮ ಕೆಲಸದಿಂದ ಬಂದು ಚಪ್ಪಲಿ ಬಿಡುವ ಮೊದಲೇ ತಕರಾರು ಎದುರು ನಿಂತಳು.

"ಅಮ್ಮ, ಡಾರ್ಕ್‌ರೂಮಲ್ಲಿ ನಿನಗೆ ಕಾಣುತ್ತೆ ತಾನೆ?"

"ಕಾಣದೆ? ಇಲ್ದಿದ್ರೆ ಹೇಗೆ ಕೆಲಸ ಮಾಡ್ಲಿ?"

"ಹೇಗೆ ಕಾಣುತ್ತೆ? ಸರಿಯಾಗಿ ಹೇಳು."

ಅಮ್ಮ ನೀರು ಕುಡಿದು, ಯೋಚಿಸಿ ಹೇಳಿದಳು. "ಹಗಲಿನ ಹಾಗೆ ಕಾಣಲ್ಲ ಕಣೇ. ಬೂದಿ ಬೂದಿಯಾಗಿ ಬರೀ ಅಂಚು ಕಾಣುತ್ತೆ. ನನ್ನ ಕೈ, ಕತ್ತರಿ, ಸುರುಳಿ. ಸೇರಿದ ಹೊಸತರಲ್ಲಿ ಏನೂ ಕಾಣ್ತಿರಲಿಲ್ಲ, ಕತ್ತರಿ ಹುಡುಕೋಕೇ ಜೀವ ಹೋಗ್ತಿತ್ತು. ಆಮೇಲಾಮೇಲೆ ಕಣ್ಣು ಪಳಗಿತು. ಈಗ ಎಲ್ಲಾನೂ ಕಾಣುತ್ತೆ."

ಪಂತದ ಸುದ್ದಿ ಕೇಳಿ ಅಮ್ಮ ಮೊದಲು ಹುಬ್ಬು ಗಂಟಿಕ್ಕಿದಳು, ಗೂಬೆ ಎಂದಾಗ ನಕ್ಕುಬಿಟ್ಟಳು. "ಕರ್ಕೊಂಡು ಬಾ ನಿಮ್ಮ ಟೀಚರನ್ನ. ಇರೋದನ್ನ ಇದೆ ಅನ್ನೋಕೆ ನನಗೇನು ಭಯ?" ತಕರಾರಿಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು.

ಶನಿವಾರ ಮಧ್ಯಾಹ್ನ ಟೀಚರು, ಮಾನಿಟರು, ತಕರಾರು ಮೂವರೂ ಸ್ಟುಡಿಯೋ ಮೆಟ್ಟಿಲು ಹತ್ತಿದರು. ಟೀಚರ ಚೀಲದಲ್ಲಿ ಒಂದು ಸೇಬು. ಯಜಮಾನನಿಗೆ ಎಲ್ಲಿಲ್ಲದ ಉತ್ಸಾಹ. "ನಮ್ಮ ಅಕ್ಕನಿಗೆ ಕಾಣದೇ ಇರೋದೇ ಇಲ್ಲ ಟೀಚರಮ್ಮ. ನಾನು ಹಿಂದಿನಿಂದ ಮೆಲ್ಲಗೆ ಹೋದರೂ ಯಾಕೆ ಬಂದ್ರಿ ಅಂತ ಕೇಳ್ತಾರೆ" ಎಂದ. ಅವನು ಅಮ್ಮನಿಗಿಂತ ಹತ್ತು ವರ್ಷ ದೊಡ್ಡವನು. ಆದರೂ ತನ್ನ ವಯಸ್ಸು ಕಮ್ಮಿ ಕಾಣಲಿ ಎಂದು ಊರಿನ ಹೆಂಗಸರನ್ನೆಲ್ಲ ಅಕ್ಕ ಎನ್ನುತ್ತಿದ್ದ.

ಡಾರ್ಕ್‌ರೂಮು ಎಂದರೆ ದೊಡ್ಡ ಬೀರುವಿನಷ್ಟು ಜಾಗ. ಒಂದು ಕಡೆ ಕಲ್ಲಿನ ತೊಟ್ಟಿ, ನಲ್ಲಿ. ಇನ್ನೊಂದು ಕಡೆ ಉದ್ದನೆಯ ಮೇಜು, ಮೇಲೆ ಮೊಳೆಗೆ ನೇತುಹಾಕಿದ ಕತ್ತರಿ. ರೀಲು ತೊಳೆಯುವ ಔಷಧದ ಹುಳಿ ಹುಳಿ ವಾಸನೆ. ಎರಡು ಬಾಗಿಲು, ನಡುವೆ ಕಪ್ಪು ಪರದೆ. ಟೀಚರು ಕೈಗಡಿಯಾರ ಬಿಚ್ಚಿ ಹೊರಗೇ ಉಳಿದ ಯಜಮಾನನ ಕೈಗೆ ಕೊಟ್ಟರು, ಅದರ ಮುಳ್ಳು ಕತ್ತಲಲ್ಲಿ ಹೊಳೆಯುತ್ತದಂತೆ. ಇಷ್ಟು ಸಣ್ಣದನ್ನೂ ಯೋಚಿಸಿಕೊಂಡು ಬಂದಿದ್ದಾರಲ್ಲ ಎಂದು ತಕರಾರಿಗೆ ಮೆಚ್ಚುಗೆಯಾಯಿತು.

"ಸೇಬು ಯಾರು ಇಡೋದು?" ಎಂದು ಕೇಳಿದಳು ಮಾನಿಟರು.

"ಕಾಣುತ್ತೆ ಅಂದವಳೇ ಇಡಲಿ" ಎಂದರು ಟೀಚರು.

"ಅವಳು ಮೋಸ ಮಾಡಿದ್ರೆ?"

"ತನ್ನ ಮಾತನ್ನ ತಾನೇ ಪರೀಕ್ಷೆ ಮಾಡೋದು ಕಷ್ಟ. ಆ ಕಷ್ಟ ಅವಳಿಗೇ ಇರಲಿ."

ಒಪ್ಪಂದ ಹೀಗಾಯಿತು. ಸದ್ದು ಕೇಳಿಸಬಾರದೆಂದು ನಲ್ಲಿ ಬಿಟ್ಟಿರುವುದು. ತಕರಾರು ಸೇಬನ್ನು ಮೇಜಿನ ಎಡಕ್ಕೋ ನಡುವಿಗೋ ಬಲಕ್ಕೋ ತನಗೆ ಬೇಕಾದ ಕಡೆ ಇಡುವುದು. ಅಮ್ಮ ಮುಟ್ಟದೆ ಹೇಳುವುದು. ಆಮೇಲೆ ದೀಪ ಹಾಕಿ ನೋಡುವುದು. ಮೇಜಿನ ಮುಂದೆ ಅಮ್ಮ, ಪಕ್ಕದಲ್ಲಿ ತಕರಾರು. ದೀಪದ ಸ್ವಿಚ್ಚಿನ ಹತ್ತಿರ ಟೀಚರು ನಿಂತರು, ಅವರ ತೋಳಿಗೆ ಅಂಟಿಕೊಂಡು ಮಾನಿಟರು.

ದೀಪ ಆರಿತು.

ಮನೆಯಲ್ಲಿ ಕರೆಂಟು ಹೋದಾಗಿನ ಕತ್ತಲಲ್ಲ ಇದು. ಅಲ್ಲಿ ಎಲ್ಲಿಂದಲೋ ಒಂದು ಚೂರು ಬೆಳಕು ಬಂದೇ ಬರುತ್ತದೆ. ಇಲ್ಲಿ ಕಣ್ಣು ಬಿಟ್ಟರೂ ಒಂದೇ, ಮುಚ್ಚಿದರೂ ಒಂದೇ. ತಕರಾರು ಎರಡು ಮೂರು ಸಲ ಬಿಟ್ಟು ಮುಚ್ಚಿ ನೋಡಿದಳು. ಕಣ್ಣು ಬಿಟ್ಟಿದೆಯೋ ಇಲ್ಲವೋ ಎಂದು ಬೆರಳಿನಿಂದ ಮುಟ್ಟಿ ತಿಳಿಯಬೇಕಾಯಿತು. "ಕಣ್ಣು ಹೊಂದಿಕೊಳ್ಳಲಿ" ಎಂದು ಟೀಚರು ಎಲ್ಲರನ್ನೂ ಬಹಳ ಹೊತ್ತು ಸುಮ್ಮನೆ ನಿಲ್ಲಿಸಿದರು. ನಲ್ಲಿಯ ನೀರು ತೊಟ್ಟಿಗೆ ಬೀಳುತ್ತಲೇ ಇತ್ತು.

"ಈಗ ಇಡು" ಎಂದರು.

ಸೇಬು ತಕರಾರಿನ ಬಲಗೈಯಲ್ಲಿತ್ತು. ಎಡವೋ ಬಲವೋ ಎಂದು ಯೋಚಿಸುತ್ತಿದ್ದವಳಿಗೆ ಥಟ್ಟನೆ ಇನ್ನೊಂದು ಹೊಳೆಯಿತು. ಇಡದೇ ಇದ್ದರೆ? ಮೂರರಲ್ಲಿ ಒಂದನ್ನು ಯಾರು ಬೇಕಾದರೂ ಊಹಿಸಿಬಿಡಬಹುದು, ಆಮೇಲೆ ಮಾನಿಟರು ಅದೃಷ್ಟ ಅಂದಾಳು. ಇಡದೇ ಇದ್ದರೆ ಅಮ್ಮ, "ಎಲ್ಲಿಟ್ಟಿದೀಯೇ, ಕೈಯಲ್ಲೇ ಇದೆಯಲ್ಲ" ಅನ್ನುತ್ತಾಳೆ. ಆಗ ಈ ಪುಸ್ತಕದ ಹುಳದ ಮುಖ ನೋಡಬೇಕು. ಅಮ್ಮನ ಮೇಲೆ ಅವಳಿಗಿದ್ದ ಭರವಸೆ ಅಂಥದ್ದು. ಅವಳು ಸೇಬನ್ನು ಎದೆಗೆ ಒತ್ತಿಕೊಂಡು, "ಹೂಂ, ಹೇಳಮ್ಮ" ಎಂದಳು.

ಅಮ್ಮ ಅವಸರ ಮಾಡಲಿಲ್ಲ. ಕೆಲಸ ಮಾಡುವಾಗಿನ ಅದೇ ನಿಧಾನದ ದನಿಯಲ್ಲಿ ಹೇಳಿದಳು.

"ನಡುವೆ ಇಟ್ಟಿದೀಯ. ಸ್ವಲ್ಪ ಗೋಡೆ ಕಡೆ ಸರಿದಿದೆ. ತೊಟ್ಟು ಮೇಲಕ್ಕಿದೆ."

ತಕರಾರು ಬೆರಳಿನಿಂದ ತೊಟ್ಟು ಹುಡುಕಿದಳು.

ಸೇಬು ಅವಳ ಎದೆಯ ಮೇಲೇ ತಣ್ಣಗೆ ಕೂತಿತ್ತು. ಅಮ್ಮನಿಗೆ ಕಾಣುವುದಿಲ್ಲ. ಅಷ್ಟೇ ಆಗಿದ್ದರೆ ಹೇಗೋ ತಡೆದುಕೊಳ್ಳಬಹುದಿತ್ತು. ಕಾಣದ್ದಕ್ಕೆ ತೊಟ್ಟು ಬೇರೆ ಇಟ್ಟು ಹೇಳಿದಳಲ್ಲ. ಹಾಗಾದರೆ ಊರಿನ ಮೂಗುಗಳ ವಿಷಯದಲ್ಲಿ ಅಷ್ಟು ಖಡಕ್ಕಾದ ಅಮ್ಮ ಮಗಳ ಹತ್ತಿರ ಬುರುಡೆ ಬಿಟ್ಟಳೇ?

"ಇಟ್ಟಾಯ್ತಾ? ದೀಪ ಹಾಕಲಾ?" ಎಂದರು ಟೀಚರು.

"ಒಂದು ನಿಮಿಷ ಮಿಸ್."

ಮೇಜಿನ ನಡು ಒಂದು ಮೊಳ ದೂರದಲ್ಲಿತ್ತು. ಕೈ ಚಾಚಿ ಸೇಬನ್ನು ಅಲ್ಲಿಟ್ಟು, ಗೋಡೆ ಕಡೆ ಸ್ವಲ್ಪ ಸರಿಸಿ, ತೊಟ್ಟು ಮೇಲೆ ಮಾಡಿದರೆ ಮುಗಿಯಿತು. ಅಮ್ಮ ಗೆಲ್ಲುತ್ತಾಳೆ, ಮಾನಿಟರು ಕ್ಷಮೆ ಕೇಳುತ್ತಾಳೆ, ಯಜಮಾನ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಾನೆ. ಯಾರಿಗೂ ತಿಳಿಯುವುದಿಲ್ಲ. ಅಮ್ಮನಿಗೂ ತಿಳಿಯುವುದಿಲ್ಲ. ತಕರಾರು ಮೆಲ್ಲನೆ ಕೈ ಚಾಚಿದಳು.

ಆಗ ಕಂಡಿತು. ಅವಳದೇ ಕೈ. ಬೂದಿ ಬಣ್ಣ, ಬರೀ ಅಂಚು, ಬೆರಳುಗಳ ನಡುವೆ ದುಂಡಗೆ ಸೇಬು. ಅವಳು ಉಸಿರು ಬಿಗಿಹಿಡಿದು ಕೈಯನ್ನು ಆಚೀಚೆ ಆಡಿಸಿದಳು. ಅಂಚೂ ಆಚೀಚೆ ಆಡಿತು. ಅಮ್ಮ ಹೇಳಿದ್ದು ಅಕ್ಷರಶಃ ಇದೇ. ಹಾಗಾದರೆ ಟೀಚರೇ ತಪ್ಪು, ಪುಸ್ತಕವೇ ತಪ್ಪು! ಒಂದು ಕ್ಷಣ ಅವಳಿಗೆ ಕುಣಿಯುವಷ್ಟು ಸಂತೋಷವಾಯಿತು. ಮರುಕ್ಷಣವೇ ಅವಳ ಹೆಸರಿಗೆ ತಕ್ಕ ಬುದ್ಧಿ ಒಳಗಿನಿಂದ ತಕರಾರು ತೆಗೆಯಿತು. ನನಗೆ ಕಾಣುವ ಸೇಬು ಪಕ್ಕದಲ್ಲೇ ನಿಂತಿರುವ ಅಮ್ಮನಿಗೆ ಯಾಕೆ ಕಾಣಲಿಲ್ಲ?

ಅವಳು ಸೇಬನ್ನು ತೊಡೆಗಳ ನಡುವೆ ಒತ್ತಿಹಿಡಿದು, ಬರಿಗೈಯನ್ನು ಮತ್ತೆ ಮುಖದ ಮುಂದೆ ತಂದಳು. ಕೈ ಕಂಡಿತು. ಮೆಲ್ಲನೆ ಮಾನಿಟರು ಇದ್ದ ಕಡೆ ತಿರುಗಿ, ಅವಳ ಮುಖ ಎಲ್ಲಿದೆ ಎಂದು ಕಣ್ಣು ಅರಳಿಸಿ ನೋಡಿದಳು. ಏನೂ ಇಲ್ಲ, ಬರೀ ಕಪ್ಪು. ತನ್ನ ಕೈ ಎಲ್ಲಿದೆ ಎಂದು ತನಗೆ ಗೊತ್ತು, ಅದಕ್ಕೆ ಕಂಡಿತು. ಮಾನಿಟರ ಮುಖ ಎಲ್ಲಿದೆ ಎಂದು ಗೊತ್ತಿಲ್ಲ, ಅದಕ್ಕೆ ಕಾಣಲಿಲ್ಲ. ಹಾಗಾದರೆ ಅಮ್ಮನಿಗೆ? ಮೇಜಿನ ಮೇಲೆ ಇಡು ಎಂದರೆ ಮಗಳು ಮೇಜಿನ ಮೇಲೆ ಇಟ್ಟೇ ಇಟ್ಟಿರುತ್ತಾಳೆ ಎಂದು ಅಮ್ಮನಿಗೆ ಗೊತ್ತು. ಅದಕ್ಕೆ ಸೇಬು ಮೇಜಿನ ಮೇಲೆ ಕಂಡಿತು, ತೊಟ್ಟಿನ ಸಮೇತ ಕಂಡಿತು. ಅಮ್ಮ ಸುಳ್ಳು ಹೇಳಿಲ್ಲ. ಕಂಡದ್ದನ್ನೇ ಹೇಳಿದ್ದಾಳೆ. ಮೋಸ ಮಾಡಿದ್ದು ಯಾರಾದರೂ ಇದ್ದರೆ, ಇಡು ಎಂದದ್ದನ್ನು ಇಡದ ತಾನು. ಈಗ ಸೇಬನ್ನು ಮೇಜಿನ ಮೇಲಿಟ್ಟರೆ ಅದು ಎರಡನೇ ಮೋಸ.

"ಅಮ್ಮ" ಎಂದಳು. "ಸೇಬು ಮೇಜಿನ ಮೇಲಿಲ್ಲ. ನಾನು ಇಡಲೇ ಇಲ್ಲ. ನನ್ನ ಹತ್ತಿರವೇ ಇದೆ."

ಅಮ್ಮ ನಲ್ಲಿ ನಿಲ್ಲಿಸಿದಳು. ಆಮೇಲೆ ಮೇಜಿನ ಮೇಲೆ ಅವಳ ಅಂಗೈ ಸವರುವ ಸದ್ದು ಈ ತುದಿಯಿಂದ ಆ ತುದಿಯವರೆಗೆ ಕೇಳಿಸಿತು.

"ಇಲ್ಲ" ಎಂದಳು ಅಮ್ಮ, ತನಗೆ ತಾನೇ ಹೇಳಿಕೊಂಡಂತೆ. "ಆದರೆ ಕಾಣ್ತಿತ್ತಲ್ಲ. ಈಗಲೂ ನನ್ನ ಕೈ ಕಾಣ್ತಿದೆ. ಟೀಚರ್, ನಾನು ಸುಳ್ಳು ಹೇಳ್ತಿಲ್ಲ, ಈಗಲೂ ಕಾಣ್ತಿದೆ."

"ನನಗೂ ನನ್ನ ಕೈ ಕಾಣ್ತಿದೆ" ಎಂದರು ಟೀಚರು.

"ನನಗೂ" ಎಂದಿತು ಮಾನಿಟರ ಸಣ್ಣ ದನಿ. "ಆಗಲೇ ಕಂಡಿತ್ತು. ಪುಸ್ತಕದಲ್ಲಿ ಹಾಗಿಲ್ಲ ಅಂತ ಹೇಳ್ಲಿಲ್ಲ."

ಆ ಇಕ್ಕಟ್ಟಿನ ಕತ್ತಲಲ್ಲಿ ನಾಲ್ಕು ಜನ ತಮ್ಮ ತಮ್ಮ ಮುಖದ ಮುಂದೆ ಕೈ ಆಡಿಸುತ್ತ ನಿಂತರು. ಟೀಚರು ಮೆಲ್ಲಗೆ ಹೇಳಿದರು. ಕಣ್ಣಿಗೆ ಏನೂ ಬರುತ್ತಿಲ್ಲ. ಆದರೆ ಕೈ ಎಲ್ಲಿದೆ, ಹೇಗೆ ಆಡುತ್ತಿದೆ ಎಂದು ತೋಳು ತಲೆಗೆ ಹೇಳುತ್ತಲೇ ಇರುತ್ತದೆ. ಕೇಳಿದ್ದನ್ನು ತಲೆ ಚಿತ್ರ ಬಿಡಿಸಿ ತೋರಿಸುತ್ತದೆ. "ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ" ಎಂದರು.

"ಹಾಗಾದ್ರೆ ಇಷ್ಟು ವರ್ಷ ನಾನು ನೋಡಿದ್ದು ಏನು?" ಎಂದಳು ಅಮ್ಮ. ಅವಳ ದನಿಯಲ್ಲಿ ಅವಮಾನ ಇರಲಿಲ್ಲ. ಹೊಸ ಆಟ ಸಿಕ್ಕಿದ ಮಗುವಿನ ದನಿ ಅದು. "ದೀಪ ಹಾಕಬೇಡಿ ಟೀಚರ್. ಇನ್ನೊಂದು ಸಲ ನೋಡೋಣ. ನಿಮ್ಮ ಕೈ ನನ್ನ ಮುಖದ ಮುಂದೆ ಹಿಡೀರಿ. ಎಷ್ಟು ಬೆರಳು ಅಂತ ಹೇಳ್ತೀನಿ."

ಹಿಡಿದರು. ಮೂರು ಎಂದಳು, ಮುಟ್ಟಿ ನೋಡಿದರೆ ಐದು ಇತ್ತು. ಎರಡು ಎಂದಳು, ಮುಷ್ಟಿ ಕಟ್ಟಿತ್ತು. ಪ್ರತಿ ಸಲ ತಪ್ಪಿದಾಗಲೂ ಅಮ್ಮ ಆಶ್ಚರ್ಯದಿಂದ ನಕ್ಕಳು. ಆಮೇಲೆ, "ಪಂತ ಅಂದ್ರೆ ಪಂತ. ಸೋಮವಾರ ನಾನೇ ನಿಮ್ಮ ಕ್ಲಾಸಿಗೆ ಬರ್ತೀನಿ. ನಾನು ಹೇಳಿದ್ದು ತಪ್ಪು ಅಂತ ನನ್ನ ಬಾಯಿಂದಲೇ ಹೇಳ್ತೀನಿ" ಎಂದಳು.

"ತಪ್ಪು ಅನ್ನಿ, ಸುಳ್ಳು ಅನ್ನಬೇಡಿ ಆಂಟಿ" ಎಂದಳು ಮಾನಿಟರು.

ತಕರಾರಿಗೆ ಅಲ್ಲಿಯವರೆಗೆ ತಡೆದುಕೊಂಡದ್ದು ಕಟ್ಟೆ ಒಡೆಯಿತು. ಕತ್ತಲಲ್ಲಿ ಯಾರಿಗೆ ಕಾಣುತ್ತದೆ ಎಂದು ಸದ್ದಿಲ್ಲದೆ ಅತ್ತಳು. ಕೊನೆಗೆ ಮೂಗು ಮಾತ್ರ ಕೈ ಕೊಟ್ಟು ಸೊರ್ ಎಂದಿತು.

"ಯಾಕೆ ಅಳ್ತಿದೀಯೇ?" ಎಂದಳು ಅಮ್ಮ.

"ಕಾಣಿಸ್ತಾ?"

"ಇಲ್ಲ ಪುಟ್ಟಿ" ಎಂದಳು ಅಮ್ಮ. "ಏನೂ ಕಾಣ್ತಿಲ್ಲ. ಎಲ್ಲಿದೀಯ ಹೇಳು."

"ಇಲ್ಲಿ."

ಅಮ್ಮನ ಕೈ ಅಂದಾಜಿನಲ್ಲಿ ಬಂದು ಮೊದಲು ಗೋಡೆಗೆ ಬಡಿಯಿತು, ಆಮೇಲೆ ಮಾನಿಟರ ಜಡೆ ಹಿಡಿದು ಬಿಟ್ಟಿತು, ಆಮೇಲೆ ತಕರಾರಿನ ಕಿವಿಗೆ ತಗುಲಿತು. ಅಲ್ಲಿಂದ ಕೆನ್ನೆಗೆ ಇಳಿದು, ಒದ್ದೆ ಎಷ್ಟಿದೆ ಎಂದು ನೋಡಿ, ಹೆಬ್ಬೆರಳಿನಿಂದ ಒರೆಸಿತು. ಬೆರಳಿಗೆ ಔಷಧದ ವಾಸನೆ ಇತ್ತು. ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡಿದ್ದ ಟೀಚರು ಇನ್ನೂ ಸ್ವಲ್ಪ ಹೊತ್ತು ದೀಪ ಹಾಕಲಿಲ್ಲ.